ಟಾಕಿ ಹಾಕಿದ ಬಂಗಲೆ

ಅವ್ವನ ಬಲಗೈ ನಡುಬೆರಳು ಮುರಿದದ್ದು ಒಂದು ಮೊಳೆಯ ಸಲುವಾಗಿ. ಬೀಡಿ ಎಂಬ ಊರಿನ ತವರುಮನೆಯಿಂದ ಅವಳು ಬಸವಣ್ಣನ ಒಂದು ಫೋಟೋ ತಂದಿದ್ದಳು, ಕಟ್ಟು ಹಾಕಿಸಿದ್ದು. ಅದನ್ನು ತೂಗುಹಾಕಲೆಂದು ಅಡುಗೆಮನೆಯ ಗ್ವಾಡಿಗೆ ಕಲ್ಲಿನಿಂದ ಮೊಳೆ ಬಡಿಯುತ್ತಿದ್ದಳು. ಹಿತ್ತಲಿನೊಳಗೆ ಕೆಲಸ ಮಾಡುತ್ತಿದ್ದ ಅಪ್ಪ ಆ ಸಪ್ಪಳ ಕೇಳಿ ಓಡಿ ಬಂದ. ಗಚ್ಚು ಬಡಿಯುವ ಕಟ್ಟಿಗೆಯ ಕೊಡತಿ ಕೈಯೊಳಗೆ ಹಾಗೇ ಇತ್ತು.

“ಗ್ವಾಡಿಗೆ ಮಳಿ ಬಡೀತಿ?”

“ಮತ್ತ ಬಸವಣ್ಣನ ಎಲ್ಲಿ ಕುಂದ್ರಸಲಿ? ನಿಮ್ಮ ತಲಿ ಮ್ಯಾಲ?”

ಅವಳು ಆ ಮಾತು ಮುಗಿಸುವುದರೊಳಗೆ ಕೊಡತಿ ಅವಳ ಕೈಮೇಲೆ ಬಿದ್ದಿತ್ತು. ನಾನು ಆಗ ಐದೋ ಆರೋ ವರ್ಷದವನು, ಹೊಸ್ತಿಲ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆ. ಬೆರಳು ಮುರಿದ ಸಪ್ಪಳ ನನಗೆ ಇನ್ನೂ ನೆನಪಿದೆ ಎಂದರೆ ಸುಳ್ಳಾದೀತು. ನೆನಪಿರುವುದು ಆಮೇಲೆ ಅಪ್ಪ ಮಾಡಿದ ಕೆಲಸ. ಮೊಳೆಯನ್ನು ನಿಧಾನವಾಗಿ ಹೊರಗೆ ಎಳೆದ. ತೂತಿಗೆ ಉಫ್ ಎಂದು ಊದಿ ಧೂಳು ತೆಗೆದ, ಬಾಯಿಂದ ನೀರು ಚಿಮುಕಿಸಿದ, ಹಿತ್ತಲಿಗೆ ಹೋಗಿ ಬೆರಳ ತುದಿಗೆ ಸುಣ್ಣದ ಗಾರೆ ತಂದು ತುಂಬಿ, ಹೆಬ್ಬೆರಳಿನಿಂದ ಸವರಿ ಸವರಿ ನುಣುಪು ಮಾಡಿದ. ಅಷ್ಟಾದ ಮೇಲೆ ಅವ್ವನ ಕಡೆ ನೋಡಿದ. ಅವ್ವ ಸೆರಗಿನೊಳಗೆ ಕೈ ಸುತ್ತಿಕೊಂಡು ನಿಂತಿದ್ದಳು.

“ಗ್ವಾಡಿಗಿ ಸುಣ್ಣಾ ತುಂಬಿದ್ರಿ. ನನ್ನ ಬೆರಳಿಗೆ ಏನ ತುಂಬತೀರಿ?” ಅಂದಳು.

ಅಡುಗೆಮನೆ ಅಂದೆನಲ್ಲ, ಆ ಮನೆ ನಮ್ಮದಲ್ಲ. ಖಾನಾಪುರದ ಹೊಳೆ ದಾಟಿ ನಂದಗಡದ ರಸ್ತೆ ಹಿಡಿದರೆ ಒಂದು ದಿನ್ನೆಯ ಮೇಲೆ ಆರು ಹೊಗೆಗೂಡಿನ ಬಂಗಲೆ ಇತ್ತು. ಲೋಂಡಾ ಕಡೆಯ ಕಾಡಿನಿಂದ ಸಾಗವಾನಿ ಇಳಿಸಿ ರೈಲಿಗೆ ಹಾಕಿಸುತ್ತಿದ್ದ ಒಬ್ಬ ಇಂಗ್ಲಿಷ್ ಸಾಹೇಬ ಅದನ್ನು ಕಟ್ಟಿಸಿದನಂತೆ. ತನ್ನ ದೇಶದೊಳಗಿನ ತನ್ನ ಅಪ್ಪನ ವಾಡೆಯನ್ನು ನೆನಪಿನ ಮೇಲೆ ಕಾಗದಕ್ಕೆ ಇಳಿಸಿ, ನನಗೆ ಇಂಥಾದ್ದೇ ಬೇಕು ಎಂದು ನಮ್ಮ ಕಡೆಯ ಗೌಂಡಿಗಳ ಮುಂದೆ ಹರವಿದನಂತೆ. ಆ ಗೌಂಡಿಗಳೊಳಗೆ ನಮ್ಮಪ್ಪನ ಅಜ್ಜನೂ ಒಬ್ಬ. ಹೀಗಾಗಿ ಆ ಮನೆ ನೋಡಿದರೆ ಅದು ಇಂಗ್ಲೆಂಡಿನದೂ ಅಲ್ಲ, ಖಾನಾಪುರದ್ದೂ ಅಲ್ಲ. ಕಡಿದಾದ ಮಾಡು, ಮೇಲೆ ಖಾನಾಪುರದ ಹಂಚು. ಆಳೆತ್ತರದ ಕಿಡಕಿಗಳು, ಒಂದೊಂದಕ್ಕೆ ಅಂಗೈಯಷ್ಟು ಅಗಲದ ಇಪ್ಪತ್ತು ಗಾಜು. ನಡುಮನೆಯೊಳಗೆ ಒಬ್ಬ ಮನುಷ್ಯ ನೆಟ್ಟಗೆ ನಿಲ್ಲುವಷ್ಟು ಎತ್ತರದ ಬೆಂಕಿಗೂಡು. ಬೆಂಕಿ ಹಾಕುವವರಿಲ್ಲದೆ ಅದರೊಳಗೆ ನಮ್ಮ ಸಗಣಿ ಕುರುಳು, ಕಟ್ಟಿಗೆ ಒಟ್ಟಿದ್ದೆವು. ಸಾಹೇಬ ದೇಶ ಬಿಟ್ಟಾಗ ಬೆಳಗಾವಿಯ ಒಬ್ಬ ಸಾವಕಾರರು ಕೊಂಡರು. ಅವರಿಗೆ ಅಲ್ಲಿ ಇರುವ ಮನಸ್ಸಿರಲಿಲ್ಲ. ಕಾಯಲಿಕ್ಕೆ, ಸೋರಿದರೆ ತೇಪೆ ಹಾಕಲಿಕ್ಕೆ ಅಪ್ಪನನ್ನು ಇಟ್ಟರು. ನಾವು ಹಿಂದಿನ ಅಡುಗೆಮನೆಯ ಕಡೆ ಎರಡು ಕೋಣೆಯೊಳಗೆ ಇದ್ದೆವು. ಸಾಹೇಬನ ಬ್ರೆಡ್ ಸುಡುವ ಒಲೆಯ ಮುಂದೆ ಅವ್ವ ಇಬತ್ತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂಡುತ್ತಿದ್ದಳು. ಆ ಒಲೆಯ ಹೊಟ್ಟೆಯೊಳಗೆ ಉಪ್ಪಿನಕಾಯಿ ಭರಣಿ, ಗುರೆಳ್ಳು ಚಟ್ನಿ, ನಾನು ಕದ್ದು ತಿನ್ನಬಾರದೆಂದು ಅಡಗಿಸಿದ ಬೆಲ್ಲ.

ಬೆಲ್ಲ ನಮ್ಮ ಮನೆಯೊಳಗೆ ಬಾಯಿಗಿಂತ ಗ್ವಾಡಿಗೆ ಹೆಚ್ಚು ಹೋಗುತ್ತಿತ್ತು. ಸುಟ್ಟ ಸುಣ್ಣವನ್ನು ಹೊಂಡದೊಳಗೆ ಅರಳಿಸಿ ತಿಂಗಳುಗಟ್ಟಲೆ ಕೊಳೆಹಾಕಿ, ಆಮೇಲೆ ಉಸುಕಿನ ಜೋಡಿ ಗಾಣದೊಳಗೆ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೆನೆಹಾಕಿದ ನೀರು ಹೊಯ್ದು ಬಡಿದು ಬಡಿದು ಬೆಣ್ಣೆ ಮಾಡಬೇಕು. ಬಡಿಯುವುದು ಒಂದು ಏಟು ಕಡಿಮೆ ಆದರೂ ಅಪ್ಪನಿಗೆ ತಿಳಿಯುತ್ತಿತ್ತು. ಆ ಕಡಿಮೆ ಆದ ಏಟು ಬಡಿಯುವವನ ಬೆನ್ನ ಮೇಲೆ ಬೀಳುತ್ತಿತ್ತು. ಸಿಮೆಂಟಿಗೆ ಪರ್ಮಿಟ್ ಬೇಕಾಗಿದ್ದ ಆ ದಿನಗಳಲ್ಲಿ ಜನ ಒಂದು ಚೀಲ ಸಿಮೆಂಟಿಗಾಗಿ ತಾಸುಗಟ್ಟಲೆ ಸರದಿ ನಿಲ್ಲುತ್ತಿದ್ದರು. ಅಪ್ಪ ಮಾತ್ರ ಆ ಹೆಸರು ಎತ್ತಿದರೆ ಉಗುಳುತ್ತಿದ್ದ. ಸುಣ್ಣದ ಗ್ವಾಡಿ ಉಸಿರಾಡುತ್ತದೆ, ಸಿಮೆಂಟ್ ಬಳಿದರೆ ಅದರ ಮೂಗು ಬಾಯಿ ಒತ್ತಿ ಹಿಡಿದಂತೆ ಎನ್ನುತ್ತಿದ್ದ. ಮಳೆಗಾಲದಲ್ಲಿ ಮುಂಜಾನೆ ಎದ್ದವನೇ ಗ್ವಾಡಿಗೆ ಅಂಗೈ ಹಚ್ಚಿ ನಿಲ್ಲುತ್ತಿದ್ದ, ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ. ನನಗೆ ಖರೇ ಜ್ವರ ಬಂದಾಗ ಅವನು ಹಣೆ ಮುಟ್ಟಿದ್ದು ನೆನಪಿಲ್ಲ. ಉಣ್ಣುವಾಗಲೂ ನಮ್ಮ ಕಡೆ ಬೆನ್ನು, ಗ್ವಾಡಿಯ ಕಡೆ ಮುಖ. ಹುರುಳಿ ಕಟ್ಟಿನ ಸಾರಿನೊಳಗೆ ರೊಟ್ಟಿ ಮುರಿದುಕೊಳ್ಳುತ್ತ, ಬಿರುಕು ಎಲ್ಲಿಗೆ ಮುಟ್ಟಿದೆ ಎಂದು ನೋಡುತ್ತಿದ್ದ.

ಸಾಲಿ ಬಿಟ್ಟದ್ದನ್ನು ನಾನು ಮುಚ್ಚಿಡುವುದಿಲ್ಲ. ಆರನೇ ಇಯತ್ತೆ ಪೂರಾ ಆಗಲಿಲ್ಲ. ಒಂದು ಮಳೆಗಾಲ ಗಾಳಿಗೆ ಹಂಚು ಹಾರಿದವು. ಅಪ್ಪ ಸಾಲಿಗೇ ಬಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಮಾಡಿನ ಮೇಲೆ ಹತ್ತಿಸಿದ. ಮಾಸ್ತರರೂ ಹೊಡೆಯುತ್ತಿದ್ದರು, ಅಪ್ಪನೂ ಹೊಡೆಯುತ್ತಿದ್ದ. ಅಪ್ಪನ ಹೊಡೆತದ ಜೋಡಿ ಕೈಗೆ ಕೆಲಸ ಬರುತ್ತಿತ್ತು. ಹನ್ನೆರಡಕ್ಕೆ ಹಂಚು ಹೊದಿಸಿದೆ, ಹದಿಮೂರಕ್ಕೆ ಕಮಾನಿನ ಕಲ್ಲು ಕೂಡಿಸಿದೆ. ಹದಿನಾಲ್ಕಕ್ಕೆ ಚಾಣ ಹಿಡಿದರೆ ಕರಿಗಲ್ಲು ನಾನು ಹೇಳಿದಲ್ಲಿ ಒಡೆಯುತ್ತಿತ್ತು. ಓದಿದ ನನ್ನ ಓರಗೆಯವರು ಇವತ್ತು ನನ್ನನ್ನು ಕಂಡರೆ ಕುರ್ಚಿ ಸರಿಸುತ್ತಾರೆ, ಆ ಮಾತು ಇರಲಿ.

ಹಳೇ ಸಾವಕಾರರು ತೀರಿಕೊಂಡ ಮೇಲೆ ಅವರ ಮಗ, ನಾವು ಸಣ್ಣ ಸಾವಕಾರ ಎನ್ನುತ್ತಿದ್ದವರು, ಒಂದು ಸಲ ಕಾರು ತೆಗೆದುಕೊಂಡು ಬಂದು ಬಂಗಲೆಯನ್ನು ಸುತ್ತು ಹಾಕಿದರು. ಬೆಳಗಾವಿಯೊಳಗೆ ಅವರು ಹೊಸ ಮನೆ ಕಟ್ಟಿಸುವವರಿದ್ದರು. ಇದನ್ನು ಕೆಡವಿದರೆ ಸಾಗವಾನಿ ತೊಲೆ, ಮೆಟ್ಟಿಲು, ಕಲ್ಲು ಎಲ್ಲಾ ಅಲ್ಲಿಗೆ ಬರುತ್ತವೆ ಎಂಬುದು ಅವರ ವಿಚಾರ. ಕೆಡವುವ ಗುತ್ತಿಗೆ ಹಿಡಿದವನು ಬೇರೆ ಯಾರೂ ಅಲ್ಲ, ಅಪ್ಪನ ಖಾಸಾ ತಮ್ಮ, ನನ್ನ ಬಸಪ್ಪಕಾಕಾ. ಕಾಕಾ ಗೌಂಡಿಕೆಲಸ ಕಲಿತದ್ದು ಅಪ್ಪನ ಕೈಕೆಳಗೇ. ಆಮೇಲೆ ಬೆಳಗಾವಿ ಬಾಜು ಮಚ್ಛೆಯ ಕಡೆ ಕಾರಖಾನೆಯ ಶೆಡ್ಡು ಕಟ್ಟುವ ಸಿಮೆಂಟ್ ಕೆಲಸಕ್ಕೆ ಹೋದವನು ಪ್ಯಾಂಟ್ ಹಾಕಲಿಕ್ಕೆ ಹತ್ತಿದ್ದ. ಒಂದು ಮಧ್ಯಾಹ್ನ ಕೊಡಲಿ ಹಿಡಿದು ಬಂದ. ನಾವು ನೋಡನೋಡುತ್ತಿದ್ದಂತೆ ಮೆಟ್ಟಿಲಿನ ಬುಡದ ದೊಡ್ಡ ಕಂಬಕ್ಕೆ ಒಂದು ಏಟು ಹಾಕಿ, ಚಕ್ಕೆ ಎಬ್ಬಿಸಿ ಮೂಸಿ ನೋಡಿದ. ಒಳಗೆ ಹುಳ ಹತ್ತಿದೆಯೋ ಇಲ್ಲವೋ ಎಂದು ನೋಡುವ ರೀತಿ ಅದು, ಎಲ್ಲರೂ ಮಾಡುತ್ತಾರೆ. ಆದರೆ ಅವನು ಮಾಡಿದ್ದು ಅಪ್ಪನ ಕಣ್ಣ ಮುಂದೆ.

“ಬಸ್ಯಾ, ಕೊಡ್ಲಿ ಕೆಳಗಿಡು.”

“ಅಣ್ಣಾ, ಇಂಗ್ಲಿಷನಂವ ಊರ ಬಿಟ್ಟ ಎಷ್ಟ ವರ್ಷಾತು? ನೀ ಇನ್ನೂ ಅವನ ಗ್ವಾಡಿ ನೆಕ್ಕಾಕತ್ತೀಯಲ್ಲ. ಅಂವೇನ ಸ್ವರ್ಗದಾಗ ನಿನಗೊಂದ ಕೋಲಿ ಬಾಡಿಗಿ ಕೊಡ್ತಾನಂತೇನು?”

ಅಪ್ಪ ಗಚ್ಚಿನ ಕೊಡತಿ ಬೀಸಿದ. ಅದು ಕಾಕಾನ ಕಿವಿಯ ಮೇಲೆ ಕೂತು ಕಿವಿಯ ಅರ್ಧ ಜೋತುಬಿತ್ತು. ಕಾಕಾ ಕೊಡಲಿಯನ್ನು ತಿರುವಿ ಹಿಂಬದಿಯಿಂದ ಅಪ್ಪನ ಎಡಹೆಗಲಿಗೆ ಹೊಡೆದ. ತಿರುವಿದ ಎಂಬುದನ್ನು ನಾನು ಕಾಕಾನ ಪರವಾಗಿ ಇವತ್ತೂ ಹೇಳುತ್ತೇನೆ. ಕೊಡಲಿಯ ಬಾಯಿಂದಲೇ ಹೊಡೆದಿದ್ದರೆ ಈ ಕತೆ ಅಲ್ಲೇ ಮುಗಿಯುತ್ತಿತ್ತು. ಇಬ್ಬರೂ ಸಾಹೇಬನ ಕಪ್ಪುಬಿಳಿ ಫರ್ಸಿಯ ಮೇಲೆ ಬಿದ್ದು ಉರುಳಾಡಿದರು, ಕಚ್ಚಿದರು, ಒಬ್ಬರ ತಾಯಿಯನ್ನು ಒಬ್ಬರು ಬೈದರು. ಇಬ್ಬರಿಗೂ ತಾಯಿ ಒಬ್ಬಳೇ ಎಂಬುದನ್ನು ಅವ್ವ ನಡುವೆ ಕೂಗಿ ಹೇಳಬೇಕಾಯಿತು. ಕಡೆಗೆ ಅವಳೇ ಒಂದು ಕೊಡ ನೀರು ತಂದು ಇಬ್ಬರ ಮೇಲೂ ಸುರಿದಳು. ಕಾಕಾನ ಕಿವಿಗೆ ಅರಿಷಿಣ ಸುಣ್ಣ ಮೆತ್ತಿ ಅರಿವೆ ಕಟ್ಟಿದಳು, ಅಪ್ಪನ ಕೈಯನ್ನು ಕೊರಳಿಗೆ ತೂಗುಹಾಕಿದಳು. ಊಟದ ಹೊತ್ತಾಗಿತ್ತು. ಉಣ್ಣದೇ ಹೋದರೆ ನಾಳೆ ಊರವರು ನನಗೆ ಅಂತಾರೆ ಎಂದು ಕಾಕಾನ ಮುಂದೆ ತಾಟು ಇಟ್ಟಳು. ಅಣ್ಣ ತಮ್ಮ ಎರಡು ಮೂಲೆಗೆ ಕೂತು ಒಂದೇ ಗಡಿಗೆಯ ಸಾರು ಉಂಡರು. ಕಾಕಾನಿಗೆ ಅಗಿಯಲಿಕ್ಕೆ ಬರಲಿಲ್ಲ; ರೊಟ್ಟಿಯನ್ನು ನೆನೆಹಾಕಿ ನುಂಗಿದ. ಅಪ್ಪನ ಹೆಗಲ ಎಲುಬು ಮಾತ್ರ ಮತ್ತೆ ನೆಟ್ಟಗೆ ಕೂಡಲಿಲ್ಲ. ಅವತ್ತಿನಿಂದ ಅವನ ಎಡಗೈ ತಲೆಯ ಮೇಲೆ ಏಳಲೇ ಇಲ್ಲ.

ಬಂಗಲೆ ಉಳಿಸಲಿಕ್ಕೆ ಒಂದು ದಾರಿ ಇದೆ ಎಂದು ಅಪ್ಪನಿಗೆ ಯಾರೋ ಹೇಳಿದರು. ಹಳೇ ಕಟ್ಟಡಗಳನ್ನು ಕಾಯುವ ಸರಕಾರದ ಒಂದು ಆಫೀಸು ಇದೆ, ಅವರ ಯಾದಿಯೊಳಗೆ ಹೆಸರು ಬಂದರೆ ಮಾಲಕನಾದವನೂ ಒಂದು ಕಲ್ಲು ಕೀಳುವ ಹಾಗಿಲ್ಲ ಎಂದು. ಅರ್ಜಿ ಬರೆದವನು ನಾನು, ಆರನೇ ಇಯತ್ತೆಯ ಅಕ್ಷರದೊಳಗೆ. ‘ನಮ್ಮ ಮನಿ ಬಾಳ ಹಳೇದ ಐತ್ರಿ. ಕೆಡವ್ತಾರಂತ್ರಿ. ಬಂದು ನೋಡ್ರಿ.’ ಕೆಳಗೆ ಅಪ್ಪ ಹೆಬ್ಬೆಟ್ಟು ಒತ್ತಿದ. ಅದಕ್ಕೆ ಯಾರು ಉತ್ತರ ಕೊಡುತ್ತಾರೆ ಎಂದು ಅವ್ವ ನಕ್ಕಳು. ಆದರೆ ಉತ್ತರ ಬಂತು. ದಸರೆ ಮುಗಿದ ಮೇಲೆ ಸಾಹೇಬರೊಬ್ಬರು ನೋಡಲಿಕ್ಕೆ ಬರುತ್ತಾರೆ, ಅಲ್ಲಿಯವರೆಗೆ ಕಟ್ಟಡವನ್ನು ಇದ್ದ ಸ್ಥಿತಿಯಲ್ಲಿ ಇಡತಕ್ಕದ್ದು ಎಂದು ಬರೆದಿತ್ತು. ಕೆಡವಬಾರದು ಎಂದಷ್ಟೇ ನಾವು ಅದನ್ನು ತಿಳಿದೆವು. ಸಣ್ಣ ಸಾವಕಾರರಿಗೂ ಒಂದು ಪ್ರತಿ ಹೋಗಿತ್ತು. ಅವರು ಸಿಟ್ಟಾದರೂ ಕಾಯ್ದರು. ಸಾಹೇಬರು ಹೌದು ಅಂದರೆ ಬಂಗಲೆ ಉಳಿಯಿತು, ನಾವೂ ಉಳಿದೆವು. ಇಲ್ಲ ಅಂದರೆ ಕಾಕಾನ ಆಳುಗಳು ಹಾರೆ ಹಿಡಿದು ಬರುವುದೇ. ನಮ್ಮ ಕೈಯೊಳಗೆ ಇದ್ದದ್ದು ಒಂದು ತಿಂಗಳು.

ಆ ಒಂದು ತಿಂಗಳು ನಾವು ಮಾಡಿದ್ದನ್ನು ನಾನು ಹೇಳಲೇಬೇಕು. ನಮ್ಮ ಕಡೆ ಬೀಸುವ ಕಲ್ಲು ಸವೆದು ನುಣುಪಾದರೆ ಅದಕ್ಕೆ ಟಾಕಿ ಹಾಕಿಸುತ್ತಾರೆ. ಚಾಣದಿಂದ ಮೈಯೆಲ್ಲಾ ಹೊಸದಾಗಿ ಕುಕ್ಕಿ ಒರಟು ಮಾಡುತ್ತಾರೆ. ಹಾಗೆ ಮಾಡಿದರೇನೇ ಕಲ್ಲಿಗೆ ಜೀವ. ಟಾಕಿ ಕಾಣದ ಕಲ್ಲು ಯಾರೂ ಕೇಳದ ಮನೆಯ ಕಲ್ಲು. ಸರಕಾರದ ಸಾಹೇಬರು ಬರುವಾಗ ಬಂಗಲೆ ಮುದಿಯಾಗಿ, ಪಾಚಿ ಹಿಡಿದು, ಮೂಗು ಸವೆದು ನಿಂತಿದ್ದರೆ ಅದು ಗೌಂಡಿಗೆ ಅವಮಾನ ಎಂದು ಅಪ್ಪ ತಿಳಿದ. ನಾನೂ ಹಾಗೇ ತಿಳಿದೆ. ಬೀಡಿಯಿಂದ ಇಬ್ಬರು ಕಲ್ಲುಕುಟಿಗರನ್ನು ಕರೆಸಿದ. ಮುಂಬಾಗಿಲ ಕಮಾನು, ಕಂಬ, ನಾಲ್ಕೂ ಮೂಲೆಯ ಕಲ್ಲುಗಳು, ಕಿಡಕಿಯ ಸುತ್ತಿನ ಕಲ್ಲುಗಳು, ಎಲ್ಲದಕ್ಕೂ ಟಾಕಿ ಹಾಕಿದೆವು. ಒಳಗೆ ಕೈಯಿಂದ ತಿಕ್ಕಿ ಕನ್ನಡಿ ಮಾಡಿದ್ದ ಹಳದಿ ಬಣ್ಣದ ಹಳೇ ಗಿಲಾವನ್ನು ಕೆರೆದು ಹೊಸದು ಹಚ್ಚಿ, ನೀಲಿ ಬೆರೆಸಿದ ಸುಣ್ಣ ಬಳಿದೆವು. ಬುಡಕ್ಕೆ ಕೆಂಪು ಪಟ್ಟಿ ಎಳೆದೆವು. ಅಪ್ಪನ ಕೈ ಮೇಲೆ ಏಳುತ್ತಿರಲಿಲ್ಲವಾದ್ದರಿಂದ ಎತ್ತರದ ಕೆಲಸವೆಲ್ಲಾ ನನ್ನದು.

ಮುಂಬಾಗಿಲ ಮೇಲೆ ಒಂದು ಪ್ರಾಣಿಯ ತಲೆ ಕೆತ್ತಿತ್ತು, ಆ ಇಂಗ್ಲಿಷನವನ ಮನೆತನದ ಗುರುತು ಇರಬೇಕು. ಮಳೆಗೆ ಸವೆದು ಏನೆಂದು ತಿಳಿಯುತ್ತಿರಲಿಲ್ಲ. ಅವ್ವ ನಾಯಿ ಅನ್ನುತ್ತಿದ್ದಳು, ಅಪ್ಪ ಸಿಂಹ, ಕಾಕಾ ಹಂದಿ. ಏಳು ದಿನ ಬೊಂಬಿನ ಅಟ್ಟಣಿಗೆಯ ಮೇಲೆ ಕೂತು ನಾನು ಅದನ್ನು ಸಿಂಹ ಮಾಡಿದೆ. ನಮ್ಮ ಗುಡಿಯ ಸಿಂಹಕ್ಕಿರುವಂತೆ ಗುಂಗುರು ಕೂದಲು, ಹೊರಬಿದ್ದ ನಾಲಿಗೆ, ಎರಡು ಕೋರೆಹಲ್ಲು. ಅಷ್ಟು ಚಂದದ ಕೆಲಸ ನಾನು ಅದಕ್ಕಿಂತ ಮೊದಲು ಮಾಡಿರಲಿಲ್ಲ. ಅಪ್ಪ ಕೆಳಗೆ ನಿಂತು ಬಹಳ ಹೊತ್ತು ನೋಡಿದ. ಅವನು ಬೈಯದೇ ಹೋದನೆಂದರೆ ಅದೇ ನನಗೆ ಬಂಗಾರದ ಪದಕ.

ಅವ್ವ ಒಬ್ಬಳೇ ಬ್ಯಾಡ ಅಂದವಳು. ಸುಣ್ಣದ ಹೊಂಡದ ಬಾಜು ನಾನು, ಅವಳು ಇಬ್ಬರೇ ನಿಂತಿದ್ದೆವು, ಅವತ್ತೇ ಸುಣ್ಣದ ಹರಳು ಹಾಕಿ ನೀರು ಬಿಟ್ಟಿದ್ದರಿಂದ ಅದು ಕೊತಕೊತ ಕುದಿಯುತ್ತಿತ್ತು.

“ಯಪ್ಪಾ ಶಿವ್ಯಾ, ಹಳೇದಂತ ನೋಡಾಕ ಬರಾಕತ್ತಾನ ಆ ಮನಶಾ. ನೀವ ಇದನ್ನ ಹೊಸಾ ಮದಲಗಿತ್ತಿ ಮಾಡಿ ನಿಂದರ್ಸಿದ್ರ ಅಂವ ಏನ ನೋಡಬೇಕು? ಇದ್ದಂಗ ಇರ್ಲಿ ಬಿಡ್ರೋ.”

“ನಿನಗೇನ ತಿಳೀತೈತಿ? ಒಲಿ ಮುಂದ ಕುಂದ್ರು ಹೋಗು,” ಅಂದೆ ನಾನು.

“ನನಗ ತಿಳೀತೈತಿ. ನಿಮ್ಮಪ್ಪನ ಕೈ ಹೋತು, ಇನ್ನ ಕಣ್ಣೂ ಹೋಗ್ಯಾವು. ಮಗಾ ಅನ್ನಂವ ಹೇಳಬೇಕೋ ಬ್ಯಾಡೋ?”

ನಾನು ಅವಳನ್ನು ನೂಕಿದೆ. ಸಿಟ್ಟಿನೊಳಗೆ ಕೈ ಹೋಯಿತು ಎನ್ನುವುದಿಲ್ಲ. ಅಪ್ಪ ಹೇಗೆ ನೂಕುತ್ತಿದ್ದನೋ ಹಾಗೇ, ಎದೆಯ ಮೇಲೆ ಅಂಗೈ ಇಟ್ಟು, ಲೆಕ್ಕ ಹಾಕಿ ನೂಕಿದೆ. ಅವಳು ಹಿಂದಕ್ಕೆ ಬಿದ್ದಳು. ಆಸರೆಗೆಂದು ಚಾಚಿದ ಬಲಗೈ ಮೊಣಕೈಯವರೆಗೆ ಕುದಿಯುವ ಸುಣ್ಣದೊಳಗೆ ಹೋಯಿತು. ಅವಳು ಕೈ ಎತ್ತಿ ನೋಡಿಕೊಂಡಳು, ಆಮೇಲೆ ನನ್ನನ್ನು ನೋಡಿದಳು. ಅಪ್ಪ ಹೊಡೆದಾಗ ಅವಳು ಏನಾದರೂ ಅನ್ನುತ್ತಿದ್ದಳು, ಅವತ್ತು ನನಗೆ ಏನೂ ಅನ್ನಲಿಲ್ಲ. ಆಮೇಲೆ ಚರ್ಮ ಸುಲಿದು, ಕೀವಾಗಿ, ಒಣಗಿ ಕೈ ಸೆಟೆದುಕೊಂಡಿತು. ಖಾನಾಪುರದ ಡಾಕ್ಟರರು ಕೇಳಿದಾಗ ಕಾಲು ಜಾರಿತು ಅಂದಳು. ಅಪ್ಪನಿಗೂ ಅದನ್ನೇ ಹೇಳಿದಳು. ನಾನು ಮರುದಿನ ಮುಂಜಾನೆ ಬೊಂಬು ಹತ್ತಿ ಸಿಂಹದ ಹಲ್ಲು ತಿದ್ದಲಿಕ್ಕೆ ಕೂತೆ.

ಸರಕಾರದ ಸಾಹೇಬರು ಬಂದರು. ತೆಳ್ಳಗಿನ ವಯಸ್ಸಾದ ಮನುಷ್ಯ, ಕೊಡೆ ಹಿಡಿದಿದ್ದರು, ಮೈಸೂರ ಕಡೆಯ ಮಾತು. ಖಾನಾಪುರ ಸ್ಟೇಶನ್ನಿನಿಂದ ಟಾಂಗಾದೊಳಗೆ ಬಂದವರು ಗೇಟಿನ ಹತ್ತಿರವೇ ಇಳಿದು ಸುಮ್ಮನೆ ನಿಂತುಬಿಟ್ಟರು. ಅಪ್ಪ ರುಮಾಲು ಸುತ್ತಿಕೊಂಡು ಕೈಮುಗಿದ. ಸಣ್ಣ ಸಾವಕಾರರೂ ಕಾಕಾನೂ ಒಂದು ಬಾಜು ನಿಂತಿದ್ದರು. ಸಾಹೇಬರು ಬಾಗಿಲ ಮೇಲಿನ ಸಿಂಹದ ಕಡೆ ಕೊಡೆಯ ತುದಿ ಎತ್ತಿದರು.

“ಇದನ್ನ ಯಾರು ಮಾಡಿದ್ದು?”

“ನನ್ನ ಮಗಾ ಮಾಡ್ಯಾನ್ರೀ, ಸಾಹೇಬ್ರ. ಇನ್ನೂ ಹದಿನೈದ ತುಂಬಿಲ್ಲರೀ.”

“ಮೊದಲು ಏನಿತ್ತು ಅಲ್ಲಿ?”

“ಏನೋ ಸವದ ಹೋಗಿತ್ರೀ. ಗುರ್ತ ಹತ್ತತಿರಲಿಲ್ಲರೀ.”

ಅವರು ಗ್ವಾಡಿಯ ಉದ್ದಕ್ಕೂ ನಡೆದರು. ಬೆರಳಿಂದ ತಿಕ್ಕಿದರು, ನೀಲಿ ಸುಣ್ಣ ಬೆರಳಿಗೆ ಹತ್ತಿತು. ಮೂಲೆಯ ಕಲ್ಲುಗಳ ಹತ್ತಿರ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ನೋಡಿದರು. ಆಮೇಲೆ ನನ್ನನ್ನು ಕರೆದರು.

“ಮರೀ, ಈ ಕಲ್ಲುಗಳ ಮೂಲೆಯಲ್ಲಿ ಸಣ್ಣ ಸಣ್ಣ ಗೀರು ಇದ್ವಾ? ಕಾಗೆ ಕಾಲಿನ ಹಾಗೆ, ಕೊಕ್ಕೆ ಹಾಗೆ?”

“ಹೂಂನ್ರೀ, ಬಾಳ ಇದ್ದುವ್ರೀ,” ಅಂದೆ. ನನ್ನ ಕೆಲಸ ಅವರಿಗೆ ಪೂರಾ ತಿಳಿಯಲಿ ಎಂದು ಎದೆ ಸೆಟೆಸಿ ಹೇಳಿದೆ. “ಎಲ್ಲಾ ತಗದೇನ್ರೀ. ಒಂದೂ ಬಿಟ್ಟಿಲ್ಲರೀ.”

ಸಾಹೇಬರು ನನ್ನ ತಲೆಯ ಮೇಲೆ ಕೈ ಇಟ್ಟರು. ಅವರು ಬೈದಿದ್ದರೆ ಚಲೋ ಇತ್ತು.

“ಅವು ಈ ಮನೆ ಕಟ್ಟಿದೋರ ಸಹಿ ಕಣಪ್ಪಾ. ಓದು ಬರಹ ಬರದೇ ಇದ್ದೋರು ತಾವು ಕೆತ್ತಿದ ಕಲ್ಲಿನ ಮೇಲೆ ಹಾಕಿದ ಸಹಿ. ಒಬ್ಬೊಬ್ಬರದು ಒಂದೊಂದು ಗುರುತು.”

ನಾನು ಅಪ್ಪನ ಕಡೆ ನೋಡಿದೆ. ಅವನು ಬಗ್ಗಿ ಮೂಲೆಯ ಕಲ್ಲನ್ನು ಬಲಗೈಯಿಂದ ಸವರುತ್ತಿದ್ದ. ತನ್ನ ಅಜ್ಜನ ಗುರುತು ಅವುಗಳೊಳಗೆ ಯಾವುದಿತ್ತು ಎಂದು ಅವನಿಗೆ ಗೊತ್ತಿರಲಿಲ್ಲ. ಇನ್ನು ಗೊತ್ತಾಗುವ ದಾರಿಯೂ ಇರಲಿಲ್ಲ. ಸಾಹೇಬರು ಕಟ್ಟೆಯ ಮೇಲೆ ಕೂತು, ನೀರು ಇಸಿದುಕೊಂಡು ಕುಡಿದು, ಅಪ್ಪನಿಗೆ ತಿಳಿಯುವಂತೆ ಹೇಳಿದರು. ಬರೇ ಹಳೇ ಕಲ್ಲನ್ನು ನಾವು ಕಾಯುವುದಿಲ್ಲ ಯಜಮಾನರೇ, ಅದರ ಮೇಲೆ ಕೂತಿರುವ ಕಾಲವನ್ನು ಕಾಯುತ್ತೇವೆ. ಕೆಲಸ ಚೆನ್ನಾಗಿ ಮಾಡಿದ್ದೀರಿ, ಆದರೆ ಇದು ಈಗ ನೀವು ಕಟ್ಟಿದ ಮನೆ. ನಾನು ಸುಳ್ಳು ಬರೆಯೋಕೆ ಆಗಲ್ಲ. ಹೋಗುವಾಗ ಟಾಂಗಾದೊಳಗೆ ಕೂತು ಒಂದು ಸಲ ಹಿಂದೆ ತಿರುಗಿ ನೋಡಿದರು. ಸಣ್ಣ ಸಾವಕಾರರು ಕಾರು ಹತ್ತಿದರು. ಕಾಕಾ ಮಾತ್ರ ಕುಗ್ಗಿದ ಕಿವಿ ಮುಟ್ಟಿಕೊಳ್ಳುತ್ತ ನಿಂತವನು, “ನಾ ಕೆಡವೂದಕ್ಕಿಂತ ಮದಲ ನೀವ ಕೆಡವಿದ್ರಲ್ಲೋ ಅಣ್ಣಾ,” ಅಂದ. ಚಾಷ್ಟಿಗೆ, ಅಣಕಕ್ಕೆ ಅಂದದ್ದಲ್ಲ ಅದು. ಅವನಿಗೂ ಅದು ಅಜ್ಜನ ಮನೆಯೇ.

ಅಪ್ಪ ನನಗೆ ಹೊಡೆಯಲಿಲ್ಲ. ನಾನು ಕಾಯುತ್ತ ನಿಂತಿದ್ದೆ. ಅವನು ದೊಡ್ಡ ಸುತ್ತಿಗೆ ಎಳೆದುಕೊಂಡು ಬಂದು, ಬಲಗೈ ಒಂದರಿಂದಲೇ ಬೀಸಿ, ಮೇಲೆ ಮುಟ್ಟಲಾರದೆ, ಸಿಂಹಕ್ಕೆ ಕೆಳಗಿನಿಂದ ಎಸೆದ. ಅದು ನಾಲಿಗೆಗೆ ಬಡಿದು ಕೆಳಗೆ ಬಿತ್ತು. ಮತ್ತೆ ಎತ್ತಿ ಎಸೆದ. ನಾಲ್ಕೈದು ಸಲ ಎಸೆದು ಸುಸ್ತಾದ ಮೇಲೆ ಕೊಡತಿ ಹುಡುಕಿದ. ಅವ್ವ ಅಡುಗೆಮನೆಯೊಳಗೆ ಎಡಗೈಯಿಂದ ರೊಟ್ಟಿ ತಟ್ಟಲಿಕ್ಕೆ ಒದ್ದಾಡುತ್ತಿದ್ದಳು.

“ನೀ ಅಂದದ್ದಕ್ಕ ಆತು! ನಿನ್ನ ಹೊಲಸ ಬಾಯಿ ಹತ್ತಿ ಆತು! ಬ್ಯಾಡ ಬ್ಯಾಡ ಅಂತ ಗೊಣಗಿದಿ, ಹಂಗ ಆತು!”

ಮೊದಲನೇ ಏಟು ಅವಳ ಬೆನ್ನಿಗೆ ಬಿತ್ತು. ಎರಡನೇದು ತಲೆಗೆ ಬರುತ್ತಿತ್ತು. ನಾನು ಹಿಂದಿನಿಂದ ಅವನ ಒಳ್ಳೇ ಕೈಯನ್ನು ಹಿಡಿದು ತಿರುವಿದೆ. ಕೊಡತಿ ಬಿದ್ದ ಮೇಲೂ ಬಿಡಲಿಲ್ಲ. ಇನ್ನೂ ತಿರುವಿದೆ, ಮುಂಗೈ ಕಟಕ್ ಅನ್ನುವವರೆಗೆ. ಅಪ್ಪ ನೆಲಕ್ಕೆ ಕೂತ. ಅವನು ನನ್ನನ್ನು ನೋಡಿದ ನೋಟದೊಳಗೆ ಸಿಟ್ಟಿರಲಿಲ್ಲ. ಹೊಸ ಗೌಂಡಿಯೊಬ್ಬ ಕೆಲಸಕ್ಕೆ ಬಂದಾಗ ಅವನ ತೋಳು ನೋಡುತ್ತಿದ್ದನಲ್ಲ, ಹಾಗೆ ನೋಡಿದ. ಅವತ್ತಿನಿಂದ ಅವನು ಯಾರಿಗೂ ಹೊಡೆಯಲಿಲ್ಲ. ಊರವರು ಅಪ್ಪನ ಹೆಸರು ಹಿಡಿದು, ಈರಪ್ಪನಿಗೆ ಬುದ್ಧಿ ಬಂತು ಅಂದರು. ಬುದ್ಧಿ ಅಲ್ಲ, ಎರಡು ಕೈಯೂ ಹೋಗಿದ್ದವು.

ಆಮೇಲಿನ ವರ್ಷಗಳಲ್ಲಿ ನಾನು ಬೆಳಗಾವಿ ಕ್ಯಾಂಪಿನ ಎಷ್ಟೋ ಹಳೇ ಬಂಗಲೆಗಳಿಗೆ ಕೈ ಹಚ್ಚಿದ್ದೇನೆ. ದೊಡ್ಡ ದೊಡ್ಡ ಇಂಜಿನಿಯರರು ನನಗಾಗಿ ಕಾಯುತ್ತಾರೆ. ಹೋದಲ್ಲಿ ಮೊದಲ ನಾಲ್ಕು ದಿನ ನಾನು ಏನೂ ಮಾಡುವುದಿಲ್ಲ, ಕೈ ಕಟ್ಟಿಕೊಂಡು ನೋಡುತ್ತೇನೆ. ಕಲ್ಲಿನ ಮೇಲೆ ಗೀರು ಕಂಡರೆ ಸುತ್ತ ಸೀಮೆಸುಣ್ಣದಿಂದ ಗೆರೆ ಹಾಕಿ, ಇಲ್ಲಿ ಯಾರೂ ಮುಟ್ಟಬಾರದು ಎನ್ನುತ್ತೇನೆ. ಕಲಿತೆ, ಖರೇ. ಕಲಿಯಲಿಕ್ಕೆ ಒಂದು ಪೂರಾ ಮನೆ ಬೇಕಾಯಿತು.

ಸಾಹೇಬರು ಬಂದು ಹೋದ ಮೇಲೆ ಬಂಗಲೆ ಕೆಡವಲಿಕ್ಕೆ ಕಾಕಾ ಹನ್ನೆರಡು ಆಳು ತಂದ. ಹಂಚು ಇಳಿಯಿತು, ತೊಲೆ ಇಳಿದವು, ಹೊಗೆಗೂಡುಗಳು ಒಂದೊಂದಾಗಿ ಬಿದ್ದವು. ನಡುಮನೆಯ ದೊಡ್ಡ ಗ್ವಾಡಿ ಮಾತ್ರ ಬಗ್ಗಲಿಲ್ಲ. ಮೂರು ದಿನ ಹಾರೆ, ಸುತ್ತಿಗೆ, ಪಿಕಾಸಿಯಿಂದ ಬಡಿದರು. ಹಾರೆ ಬಡಿದರೆ ಕಿಡಿ ಹಾರಿ ತಿರುಗಿ ಬರುತ್ತಿತ್ತು, ಆಳುಗಳ ಅಂಗೈ ಒಡೆದು ರಕ್ತ ಬಂತು, ಒಬ್ಬನ ಹಣೆಗೆ ಕಲ್ಲಿನ ಚಕ್ಕೆ ಸಿಡಿಯಿತು. ನಾವು ಸಾಮಾನು ಕಟ್ಟಿಕೊಂಡು ಬೀಡಿಯ ಬಸ್ಸಿಗೆ ಹೊರಟಿದ್ದೆವು. ಅಪ್ಪ ಹಲಸಿನ ಗಿಡದ ಬುಡಕ್ಕೆ ಕೂತವನು ಏಳಲೊಲ್ಲ. ಒಂದೊಂದು ಏಟಿಗೂ ಅವನ ಮೈ ಅದುರುತ್ತಿತ್ತು. ಕಡೆಗೆ ಎದ್ದು ಹೋಗಿ ತಮ್ಮನ ಮುಂದೆ ನಿಂತ.

“ಬಸ್ಯಾ, ಅಲ್ಲಿ ಬಡೀಬ್ಯಾಡ್ರಿ. ಆ ಮೂಲಿ ಬುಡಕ ಉದ್ದನ್ನ ಕಲ್ಲೊಂದೈತಿ ನೋಡ. ಅದನ್ನ ಎಳೀರಿ.”

ಎಳೆದರು. ಗ್ವಾಡಿ ಒಂದು ಗಳಿಗೆ ನಿಂತು, ತಾನೇ ಕೂತಂತೆ ಕೆಳಗೆ ಇಳಿಯಿತು. ಧೂಳು ನಮ್ಮ ಮೇಲೆಲ್ಲಾ ಬಂತು. ಅಪ್ಪ ಬೆಳ್ಳಗಾಗಿ ತಿರುಗಿ ಬಂದ.

“ಯಾಕ ಹೇಳಿದ್ರಿ?” ಅಂತ ಅವ್ವ ಕೇಳಿದಳು.

“ಬಡಿಯೂದ ನೋಡಾಕ ಆಗಲಿಲ್ಲ.”

ಅವ್ವ ಅವನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಬಗ್ಗಿ ಪಾತ್ರೆಯ ಗಂಟಿಗೆ ಕೈ ಹಾಕಿದಳು. ಸೆಟೆದ ಕೈಯಿಂದ ಅದು ತಲೆಯ ಮೇಲೆ ಏರಲೊಲ್ಲದು. ಎತ್ತಿಕೊಡಲೆಂದು ನಾನು ಹತ್ತಿರ ಹೋಗಿ ಎರಡೂ ಕೈ ಮೇಲೆತ್ತಿದೆ. ಅವಳು ಗಂಟು ಬಿಟ್ಟು, ಕಣ್ಣು ಮುಚ್ಚಿ, ಮೊಣಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು.